ಸುದ್ದಿ ಹೋದ ಜಾಗಕ್ಕೆ ನೀರುದೋಸೆ

ಆಫ್ರಿಕದ ಒಂದು ದೇಶದ ಜನ ನೀರುದೋಸೆ ಹೊಯ್ಯಲು ಕಲಿತದ್ದು ನನ್ನ ಸೋದರಮಾವನಿಂದ. ಕಲಿಯುವ ಹಾಗೆ ಮಾಡಿದ್ದು ಮಾತ್ರ ಅಲ್ಲಿನ ಸರಕಾರ! ಸುಳ್ಳು ಅನ್ನಿಸಿದರೆ ತ್ರಾಸಿಗೆ ಬನ್ನಿ, ಮಾವನನ್ನೇ ಕೇಳಿ. ಆದರೆ ಆ ದೇಶ ಯಾವುದೆಂದು ಕೇಳಬೇಡಿ. ಕೇಳಿದರೆ ಮಾವ ಅತ್ತಿತ್ತ ನೋಡಿ, ಬಾಗಿಲು ಮುಂದೆ ಮಾಡಿ, "ಗೋಡೆಗೂ ಕೆಮಿ ಇರತ್" ಅನ್ನುತ್ತಾರೆ. ಅವರ ಮನೆಯ ಗೋಡೆಯಾಚೆ ಇರುವುದು ಹೆದ್ದಾರಿ, ಅದರಾಚೆ ಅರಬ್ಬೀ ಸಮುದ್ರ. ಕದ್ದು ಕೇಳುವವರಿದ್ದರೆ ಅದು ಬಂಗುಡೆ ಮೀನೇ ಇರಬೇಕು!

ಮಾವ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋದವರು. ನಮ್ಮ ಕಡೆಯ ಹುಡುಗರೆಲ್ಲ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗ ಇವರು ಒಂದು ಅಚ್ಚುಕೂಟ ಸೇರಿ ಅಕ್ಷರದ ಮೊಳೆ ಜೋಡಿಸಲು ಕಲಿತರು. ಅದರ ಗುಜರಾತಿ ಧಣಿಗೆ ಆಫ್ರಿಕದಲ್ಲೂ ಒಂದು ಪ್ರೆಸ್ಸಿತ್ತು. ಮಾವನನ್ನು ಅಲ್ಲಿಗೆ ಕಳುಹಿಸಿದ. ಅಲ್ಲೊಂದು ವಾರಪತ್ರಿಕೆ ಅಚ್ಚಾಗುತ್ತಿತ್ತು. ಅದರ ಪುಟ ಕಟ್ಟುವುದು ಮಾವನ ಕೆಲಸ.

ಆ ದೇಶದಲ್ಲಿ ಪತ್ರಿಕೆಗೂ ವರ್ಷ ವರ್ಷ ಲೈಸನ್ಸ್ ಮಾಡಿಸಬೇಕಂತೆ. "ನಮ್ಮ್ ಅಮಾಸೆಬೈಲ್ ಬದಿಯಂಗೆ ಕೋವಿಗೆ ಇಲ್ಯಾ, ಹಾಂಗೆ" ಎಂದು ಮಾವ ನನಗೆ ತಿಳಿಸಿ ಹೇಳಿದ್ದರು. "ವೋಟ್ ಬಂದ್ರೆ ಇಲ್ಲಿ ಕೋವಿ ತಕಂಡ್ ಹೋಯಿ ಸ್ಟೇಶನಂಗೆ ಇಡ್ಕ್. ಅಲ್ಲಿ ಪೇಪರ್ ಇಡ್ಕ್, ಅಷ್ಟೇ ವ್ಯತ್ಯಾಸ!"

ಪ್ರತಿ ಶುಕ್ರವಾರ ಸಂಜೆ ಒಬ್ಬ ಅಧಿಕಾರಿ ಕೆಂಪು ಪೆನ್ಸಿಲ್ ಹಿಡಿದು ಪ್ರೆಸ್ಸಿಗೆ ಬರುತ್ತಿದ್ದ. ಪುಟಗಳ ಕರಡು ಓದಿ, ಬೇಡವೆನಿಸಿದ ಸುದ್ದಿಗೆ ಗೀಟು ಹೊಡೆಯುತ್ತಿದ್ದ. ಸಂಪಾದಕರು (ಮಾವನ ಬಾಯಲ್ಲಿ ಇಂದಿಗೂ 'ನಮ್ಮ್ ಎಡಿಟ್ರ್') ಮೊದಮೊದಲು ಆ ಜಾಗವನ್ನು ಹಾಗೇ ಖಾಲಿ ಬಿಟ್ಟರು. ಅದಕ್ಕೂ ನೋಟೀಸು ಬಂತು. ಖಾಲಿ ಜಾಗವೂ ಸರಕಾರವನ್ನು ಟೀಕಿಸುತ್ತದಂತೆ! ಬಿಳಿ ಕಾಗದಕ್ಕೆ ಹೆದರುವ ಸರಕಾರಕ್ಕೆ ಏನು ಹೇಳುವುದು, ನೀವೇ ಹೇಳಿ? ಏನೂ ಹೇಳುವ ಹಾಗಿಲ್ಲ. ಕಾಯ್ದೆ ಇದ್ದದ್ದೇ ಅದಕ್ಕೆ!

ಮುಂದಿನ ಶುಕ್ರವಾರ ಮಂತ್ರಿಯೊಬ್ಬ ಜಮೀನು ನುಂಗಿದ ಸುದ್ದಿ ಹೋಯಿತು. ಅರ್ಧ ಕಾಲಂ ಬಾಯಿ ತೆರೆದು ಕೂತಿತು. ಎಡಿಟರು ತಲೆ ಕೆರೆದುಕೊಂಡು, "ನಿಮ್ಮ ಊರಲ್ಲಿ ಬೆಳಿಗ್ಗೆ ಏನು ತಿನ್ನುತ್ತೀರಿ?" ಎಂದು ಮಾವನನ್ನು ಕೇಳಿದರಂತೆ. ಮಾವ ನೀರುದೋಸೆ ಮಾಡುವ ಕ್ರಮ ಹೇಳಿದರು, ಎಡಿಟರು ಬರೆದರು, ಪುಟ ತುಂಬಿತು. ಅಧಿಕಾರಿ ಎಷ್ಟು ಹುಡುಕಿದರೂ ದೋಸೆಯಲ್ಲಿ ರಾಜದ್ರೋಹ ಸಿಗಲಿಲ್ಲ. ದೋಸೆಯ ತುಂಬ ತೂತಿತ್ತು, ಕಾನೂನಿನಲ್ಲೂ ಒಂದಿತ್ತು!

ಅಲ್ಲಿಂದ ಶುರು. ಸೈನ್ಯದ ಸುದ್ದಿ ಹೋದರೆ ಕೋಳಿಸಾರು. ಆಸ್ಪತ್ರೆಯ ಸುದ್ದಿ ಹೋದರೆ ಗೋಳಿಬಜೆ. ಓದುಗರೇನು ದಡ್ಡರೇ? ಪತ್ರಿಕೆ ಕೈಗೆ ಬಂದ ಕೂಡಲೇ ಅಡುಗೆ ಎಷ್ಟಿದೆ ಎಂದು ನೋಡುತ್ತಿದ್ದರು. ಅಡುಗೆ ಉದ್ದವಿದ್ದಷ್ಟೂ ಹೋದ ಸುದ್ದಿ ದೊಡ್ಡದು.

ಒಂದು ಶುಕ್ರವಾರ ಅಧಿಕಾರಿ ಮುಖ ಊದಿಸಿಕೊಂಡು ಬಂದ. "ಹೋದ ವಾರದ ದೋಸೆ ಕಾವಲಿಗೆ ಕಚ್ಚಿ ಕೂತಿತು. ಮನೆಯಲ್ಲಿ ನನಗೆ ಬೈಗುಳ. ಸರಿಯಾಗಿ ಬರೆಯಲಿಕ್ಕೆ ಆಗುವುದಿಲ್ಲವೇ?"

ಮಾವ ಹಳೆಯ ಕರಡು ತೆಗೆದು ತೋರಿಸಿದರು. ಆಗ ದೇಶದಲ್ಲಿ ಎಣ್ಣೆ ಆಮದಿನ ಗಲಾಟೆ ನಡೆದಿತ್ತು. ಕಾವಲಿಗೆ ಎಣ್ಣೆ ಸವರಬೇಕೆಂಬ ಸಾಲು ಕಂಡ ಕೂಡಲೇ ಗೀಟು ಹೊಡೆದವನು ಅವನೇ!

ಇಂಥ ಮಾವ ೧೯೯೭ರಲ್ಲಿ ಒಂದು ಟ್ರಂಕು ಹಿಡಿದು ಊರಿಗೆ ಬಂದುಬಿಟ್ಟರು. ನಾನಾಗ ಕುಂದಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಅಮ್ಮ ಮೀನಿನ ಬುಟ್ಟಿ ಹೊತ್ತು ವಂಡ್ಸೆ ಬದಿಗೆ ಮಾರಲು ಹೋಗಿ ಓದಿಸಿದ ಡಿಗ್ರಿ. ನಮ್ಮ ಮನೆತನಕ್ಕೆ ಬಂದ ಮೊದಲನೆಯದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬುಟ್ಟಿಯ ಭಾರ ನನಗೂ ಗೊತ್ತು. ಮಾವ ಬಂದವರೇ ನನ್ನನ್ನು ತಮ್ಮ ಪತ್ರಿಕಾ ಕಾರ್ಯದರ್ಶಿಯಾಗಿ ನೇಮಿಸಿಕೊಂಡರು. "ಹೆಣೆ, ನೀ ಓದಿದವ್ಳ್. ಪೇಪರಂಗೆ ಅಡಿಗೆ ಎಷ್ಟ್ ಇತ್ತ್ ಕಾಣ್!"

ನಮ್ಮೂರಿನ ಪತ್ರಿಕೆಯಲ್ಲಿ ಒಂದಿದ್ದರೆ ಹುಬ್ಬು ಗಂಟು. ಎರಡಿದ್ದರೆ ನಿಟ್ಟುಸಿರು. ಒಮ್ಮೆ ಹಬ್ಬದ ವಿಶೇಷ ಪುರವಣಿ ಬಂತು. ಪುಟದ ತುಂಬ ಚಕ್ಕುಲಿ, ಹಾಲುಬಾಯಿ, ಪಾಯಸ. ಮಾವ ಎದೆ ಹಿಡಿದುಕೊಂಡು ಕೂತರು. "ಅಯ್ಯೋ, ದೇಶ ಮುಳ್ಗಿತ್ ಮಾರಾಯ್ತಿ! ರೇಡಿಯೋ ಹಾಕ್!"

ಮನೆಯೊಳಗೂ ಅದೇ ಕಾಯ್ದೆ. ಬೇಡದ ಪ್ರಶ್ನೆ ಬಂದರೆ ಆ ಜಾಗದಲ್ಲಿ ಅಡುಗೆ.

"ಹ್ವಾಯ್, ನನ್ನ್ ಕೊಡಿ ಎಲ್ಲಿ ಬಿಟ್ಟ್ ಬಂದ್ರಿ?" ಎಂದು ಅತ್ತೆ ಛತ್ರಿಯ ಲೆಕ್ಕ ಕೇಳಿದರೆ ಮಾವ ಗಂಭೀರವಾಗಿ, "ಮೊದ್ಲಿಗೆ ಅಕ್ಕಿ ನೆನೆಹಾಕ್ಕ್..." ಎಂದು ಶುರು ಮಾಡುತ್ತಿದ್ದರು.

"ಹಾಂಗಾರೆ ಬಸ್ಸಂಗೇ ಹೋಯ್ತ್!" ಎಂದು ಅತ್ತೆ ಅರ್ಥ ಮಾಡಿಕೊಳ್ಳುತ್ತಿದ್ದರು. ಆ ದೇಶದ ಓದುಗರಿಗಿಂತ ಅತ್ತೆ ಏನೂ ಕಡಿಮೆಯಿಲ್ಲ!

ಒಂದು ದಿನ ನಾನು ಕೇಳಿದೆ: "ಮಾವ, ನಿಮ್ಮ್ ಎಡಿಟ್ರ್ ಈಗ ಎಲ್ಲಿದ್ರ್?"

ಮಾವ ಸಮುದ್ರದ ಕಡೆ ತಿರುಗಿದರು. "ಕೊಟ್ಟೆ ಕಡುಬು ಮಾಡುಕೆ ಹಲ್ಸಿನ್ ಎಲೆ ಬೇಕ್. ನಾಕ್ ಎಲೆ ತಕಂಡ್, ಕಡ್ಡಿ ಚುಚ್ಚಿ, ಕೊಟ್ಟೆ ಕಟ್ಕ್..." ಎನ್ನುತ್ತ ಎದ್ದು ಅಂಗಳಕ್ಕೆ ಇಳಿದರು.

ಉಳಿದದ್ದನ್ನು ಅತ್ತೆ ಹೇಳಿದರು. ಆ ಕೊನೆಯ ಶುಕ್ರವಾರ ಕೊಟ್ಟೆ ಕಡುಬಿನ ಸರದಿಯಂತೆ. ಹಲಸಿನ ಎಲೆ ಸಿಗದವರು ಬಾಳೆ ಎಲೆಯಲ್ಲಿ ಮಾಡಲಿ ಎಂದು ಎಡಿಟರು. ಹಾಗೆ ಮಾಡಿದರೆ ಅದು ಕೊಟ್ಟೆ ಕಡುಬೇ ಅಲ್ಲ ಎಂದು ಮಾವ. ಇಬ್ಬರೂ ಪುಟ ಮುಂದಿಟ್ಟುಕೊಂಡು ಜಗಳವಾಡುತ್ತಿದ್ದಾಗ ಅಧಿಕಾರಿ ಬಂದ. ಅವನ ಕೈಯಲ್ಲಿ ಪೆನ್ಸಿಲ್ ಇರಲಿಲ್ಲ, ಬೀಗ ಇತ್ತು. ಲೈಸನ್ಸ್ ರದ್ದು. ಪೊಲೀಸರು ಎಡಿಟರನ್ನು ಜೀಪು ಹತ್ತಿಸಿದರು. ಹತ್ತುವಾಗಲೂ ಅವರು ತಿರುಗಿ, "ಬಾಳೆ ಎಲೆ ವಿಷಯ ನಾಳೆ ಮಾತಾಡೋಣ" ಎಂದು ನಕ್ಕರಂತೆ. ಆ ನಾಳೆ ಬರಲಿಲ್ಲ. ಧಣಿ ಹೆದರಿ ಮಾವನನ್ನು ವಿಮಾನ ಹತ್ತಿಸಿಬಿಟ್ಟ.

ವರ್ಷಗಳು ಹೋದವು. ನಾನು ಡಿಗ್ರಿ ಮುಗಿಸಿ ಬ್ರಹ್ಮಾವರದಲ್ಲಿ ಕೆಲಸಕ್ಕೆ ಸೇರಿದೆ, ಸ್ವಂತ ದುಡಿಮೆಯಲ್ಲಿ ಕಂಪ್ಯೂಟರ್ ಕೊಂಡೆ. ಮಾವ ಆ ಪತ್ರಿಕೆಯ ಹೆಸರು ಹೇಳಿದರು, ಅದೂ ಕಿವಿಯಲ್ಲಿ. ಹುಡುಕುತ್ತ ಹುಡುಕುತ್ತ ಒಂದು ದಿನ ಸಿಕ್ಕಿತು! ಸರಕಾರ ಬದಲಾಗಿ, ಹೊಸ ಕಾಯ್ದೆ ಬಂದು, ಪತ್ರಿಕೆಗೆ ಮತ್ತೆ ಲೈಸನ್ಸ್ ಸಿಕ್ಕಿ, ಪುಟಗಳು ಇಂಟರ್‌ನೆಟ್ಟಿನಲ್ಲೂ ಬರುತ್ತಿದ್ದವು. ಸಂಪಾದಕರ ಹೆಸರು ಮಾತ್ರ ಬೇರೆ ಯಾರದೋ.

ಅಂದಿನಿಂದ ಭಾನುವಾರ ಬಂತೆಂದರೆ ಮಾವ ಬಸ್ಸು ಹತ್ತಿ ನನ್ನ ಮನೆಗೆ ಹಾಜರು.

"ಅಡಿಗೆ ಬಂತಾ ಹೆಣೆ?"

"ಇಲ್ಲೆ ಮಾವ."

"ಒಳ್ಳೇದಾಯ್ತ್. ಯಾವ ಸುದ್ದಿನೂ ತೆಗಿಲಿಲ್ಲೆ." ಹೀಗೆನ್ನುತ್ತಲೇ ಅವರ ಮುಖ ಬಾಡುತ್ತಿತ್ತು. ಅಡುಗೆ ಬಾರದಿದ್ದರೆ ಆ ದೇಶಕ್ಕೆ ಸುಖ. ಆದರೆ ಅಡುಗೆ ಬಾರದೆ ಗೆಳೆಯ ಬದುಕಿದ್ದಾನೆಂದು ಗೊತ್ತಾಗುವುದು ಹೇಗೆ? ಎರಡು ಬಯಕೆ ಹೊತ್ತು ಬಂದು, ಒಂದು ಲೋಟ ಚಾ ಕುಡಿದು, ಎರಡನ್ನೂ ಹೊತ್ತು ವಾಪಸು ಹೋಗುತ್ತಿದ್ದರು.

ಕೊನೆಗೊಂದು ಭಾನುವಾರ ಮೂರನೆಯ ಪುಟದ ಕೆಳಗೆ ಅದು ಕಂಡಿತು. ಬರೆದವರ ಹೆಸರಿಲ್ಲ. ನಾನು ಕನ್ನಡ ಮಾಡುತ್ತ ಓದಿದೆ: "ಅಕ್ಕಿ, ಉದ್ದು... ಹಲಸಿನ ಎಲೆ ಸಿಗದಿದ್ದರೆ ಬಾಳೆ ಎಲೆಯೂ ಆದೀತು. ಸಮುದ್ರದಾಚೆಯ ನನ್ನ ಗೆಳೆಯ ಮಾತ್ರ ಇದನ್ನು ಒಪ್ಪುವುದಿಲ್ಲ."

ಮಾವ ಕುರ್ಚಿಯಿಂದ ಎದ್ದುಬಿಟ್ಟರು. "ಒಪ್ಪುದಿಲ್ಲೆ! ಈಗ್ಳೂ ಒಪ್ಪುದಿಲ್ಲೆ ಅಂದೇಳಿ ಬರಿ ಅವ್ನಿಗೆ!" ನಗುತ್ತಿದ್ದರು, ಕಣ್ಣು ಸುರಿಯುತ್ತಿತ್ತು. ಆಮೇಲೆ ಪರದೆಯ ಮೇಲೆ, ಆ ಅಡುಗೆಯ ಮೇಲೆ ಮೆಲ್ಲನೆ ಬೆರಳಿಟ್ಟರು. "ಇದ್ರ್ ಅಡಿಯಂಗೆ ಎಂತ ಸುದ್ದಿ ಇದ್ದಿತ್ತೋ ಏನೋ..."

ಪತ್ರಿಕೆಯ ವಿಳಾಸಕ್ಕೆ ಈಮೇಲ್ ಬರೆಯಲು ಕೂತೆ. ಬಾಳೆ ಎಲೆಯ ಜಗಳ ಬರೆಸಿ ಮುಗಿದ ಮೇಲೂ ಮಾವ ನಿಲ್ಲಿಸಲಿಲ್ಲ. ಸಿಗಡಿ ಚಟ್ನಿ, ಹಾಲುಬಾಯಿ, ಉದ್ದಿನ ದೋಸೆ. ಒಂದಾದ ಮೇಲೊಂದು ಹೇಳುತ್ತಲೇ ಹೋದರು.

"ಇಷ್ಟೆಲ್ಲ ಎಂತಕೆ ಮಾವ?"

"ಹಳೇದೆಲ್ಲ ಖರ್ಚಾಯಿರತ್. ಅವ್ನ ಹತ್ರ ಸ್ಟಾಕ್ ಬ್ಯಾಡ್ದಾ?"

ಕಳುಹಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಮಾವ ನನ್ನ ಕೈ ತಡೆದರು. ಕಣ್ಣು ಮುಚ್ಚಿ, ದೇವರಿಗೋ ಆ ದೇಶದ ಸರಕಾರಕ್ಕೋ, ಕೈ ಮುಗಿದರು.

"ಇದ್ರಂಗೆ ಒಂದೂ ಅಚ್ಚ್ ಆಪ್ದ್ ಬ್ಯಾಡ ದೇವ್ರೇ. ಹ್ಞಾ, ಈಗ ಕಳ್ಸ್ ಹೆಣೆ."