ವಿಭೂತಿ ಹಚ್ಚಿದ ಗಾಜು

ಹೊಸದೆಂದರೆ ಬಾಯಿ ಬಿಡುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ. ಹೊಸ ಮೊಬೈಲು ಬಂದರೆ ಅದರ ಮೈ ಸವರದೆ ಅಂಗಡಿ ದಾಟಿದವನಲ್ಲ. ಹಾಗಾಗಿ ನಾನು ಕೆಲಸ ಮಾಡುವ ಗಂಗಾವತಿಯ ಅಕ್ಕಿ ಗಿರಣಿಗೆ, ಯಂತ್ರ ನಡೆಸಲು ಬೆರಳು ತಾಗಿಸಿದರೆ ಸಾಕೆನ್ನುವ ಗಾಜಿನ ಪರದೆ ಬಂದಾಗ, ಹಳೆಯ ಕೀಬೋರ್ಡನ್ನು ಗುಜರಿಗೆ ಹಾಕೋಣ ಎಂದು ಮೊದಲು ಹೇಳಿದವನು ನಾನೇ. ಅದಾದರೂ ಎಂಥ ಕೀಬೋರ್ಡು! ಸಂದಿಗಳಲ್ಲೆಲ್ಲ ತೌಡು, ಅಕ್ಷರಗಳೆಲ್ಲ ಅಳಿಸಿ ಬೋಳು. ಯಂತ್ರ ನಿಲ್ಲಿಸುವ ಕೀಲಿ ಗುರುತಿಗಿರಲೆಂದು ಫಿಟ್ಟರ್ ಯಮನಪ್ಪ ಅದರ ಮೇಲೆ ಹೆಂಡತಿ ಹಣೆಗಿಡುವ ಕೆಂಪು ಟಿಕಳಿ ಅಂಟಿಸಿದ್ದ.

"ಇದನ್ನ ಒಗಿಬ್ಯಾಡ್ರಿ ಸರ. ಕಣ್ಣು ಮುಚ್ಚಿದ್ರೂ ಬೆರಳಿಗೆ ಸಿಗತೈತಿ."

"ಕಣ್ಣು ಮುಚ್ಚಿ ಯಾರು ಕೆಲಸ ಮಾಡ್ತಾರೋ ಯಮನಪ್ಪ?" ಎಂದು ಡಿಗ್ರಿ ಓದಿದವನ ಗತ್ತಿನಲ್ಲಿ ನಕ್ಕೆ. ತಂತಿ ಬಿಚ್ಚಲು ಬಗ್ಗಬೇಕಿತ್ತು. ಬಗ್ಗಲು ಬೇಸರವಾಗಿ ಅದನ್ನು ತಂತಿ ಸಮೇತ ಮೇಜಿನ ಮೂಲೆಯಲ್ಲೇ ಬಿಟ್ಟೆ.

ಅಮಾವಾಸ್ಯೆಗೆ ನಮ್ಮಲ್ಲಿ ಯಂತ್ರಗಳಿಗೆಲ್ಲ ಪೂಜೆ. ಹೊಸ ಪರದೆಗೆ ವಿಭೂತಿ ಎಳೆಯುವ ಗೌರವ ನನ್ನದು. ಮೂರು ಬೆರಳ ಪಟ್ಟೆ ಎದ್ದು ಕಾಣಲೆಂದು ನೀರನ್ನು ಧಾರಾಳವಾಗಿ ಹಾಕಿ ಕಲಸಿದೆ. ಕಿಟಕಿಯಾಚೆ, ನಿಂತಿದ್ದ ಭತ್ತದ ಬೆಲ್ಟಿನ ಮೇಲೆ ಹತ್ತಿ ಯಮನಪ್ಪ ಸಿಕ್ಕಿಕೊಂಡ ಗೋಣಿಚೀಲ ಎಳೆಯುತ್ತಿದ್ದ. ನನ್ನ ವಿಭೂತಿಯ ಒಂದು ಹನಿ ಮೆಲ್ಲಗೆ ಜಾರಿ ಪರದೆಯ ಹಸಿರು ಗುಂಡಿಯ ಮೇಲೆ ನಿಂತಿತು. ಆ ಗಾಜಿಗೆ ಬೆರಳೂ ಒಂದೇ, ಹನಿಯೂ ಒಂದೇ. ಬೆಲ್ಟು ಹೊರಟಿತು.

ಕೆಂಪು ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಬೆರಳೂ ಒದ್ದೆ, ಗಾಜೂ ಒದ್ದೆ. ಅದು ನನ್ನನ್ನು ಗುರುತೇ ಹಿಡಿಯಲಿಲ್ಲ. ಅಂಗಿಯ ತೋಳಿನಿಂದ ಒರೆಸಿದರೆ ಬೆಲ್ಟಿನ ವೇಗ ಹೆಚ್ಚಾಯಿತು.

"ಸರ, ನಿಂದರಸ್ರೀ!"

ಅವನ ಕಾಲು ಬೆಲ್ಟಿನ ತುದಿಯ ಉರುಳೆಯತ್ತ ಸಾಗುವುದನ್ನು ನೋಡಲಾರದೆ ಕಣ್ಣು ಮುಚ್ಚಿದೆ. ಕೈ ತಾನಾಗಿ ಮೂಲೆಗೆ ಹೋಗಿ ತಡಕಿತು. ಟಿಕಳಿ ಸಿಕ್ಕಿತು. ಟಕ್!

ಉರುಳೆ ನುಂಗಿದ್ದು ಒಂದು ಚಪ್ಪಲಿಯನ್ನು ಮಾತ್ರ. ಯಮನಪ್ಪ ಕುಂಟುತ್ತ ಒಳಗೆ ಬಂದ.

"ಕಣ್ಣು ತೆಗೀರಿ ಸರ ಇನ್ನ. ಕಾಲು ಐತಿ. ಚಪ್ಪಲಿ ಹೋತು, ಮೊನ್ನೆ ತಂದ ಹೊಸಾವು."

ಮಾಲೀಕರು ಈಗ, ಕೀಬೋರ್ಡು ಬೇಕೋ ಬೇಡವೋ ಎಂದು ನನ್ನ ಅಭಿಪ್ರಾಯ ಬರೆದುಕೊಡಲು ಹೇಳಿದ್ದಾರೆ. ಗಾಜು ಬಂತು; ನಾಳೆ ಮಾತಿಗೆ ಓಗೊಡುವ ಯಂತ್ರ, ನಾಡಿದ್ದು ರೆಪ್ಪೆ ಬಡಿದರೆ ತಿಳಿಯುವ ಯಂತ್ರ ಬರಲಿ, ಬೇಡವೆನ್ನುವುದಿಲ್ಲ. ಆದರೆ ಅಂದು ನನ್ನ ಬಾಯಿಂದ ಮಾತು ಹೊರಟಿರಲಿಲ್ಲ. ರೆಪ್ಪೆಗಳಂತೂ ಬಿಗಿದೇ ಇದ್ದವು. ಇಷ್ಟನ್ನೇ ಬರೆಯಲು ಕೂತರೆ ಆ ಬೆಲ್ಟು ಮತ್ತೆ ಹೊರಡುತ್ತದೆ, ಎದ್ದು ಓಡಾಡುತ್ತೇನೆ. ಊಟಕ್ಕೆ ಕೂತಾಗ ತಟ್ಟೆಯ ಅಂಚು ಒತ್ತುತ್ತಿರುತ್ತೇನೆಂದು ಹೆಂಡತಿಯ ದೂರು.

ಮೊನ್ನೆಯ ಅಮಾವಾಸ್ಯೆಗೆ ಯಮನಪ್ಪ ವಿಭೂತಿಯ ಬಟ್ಟಲನ್ನು ನನ್ನ ಕೈಗೆ ಕೊಡಲೇ ಇಲ್ಲ. "ನೀವು ದೂರ ನಿಂತು ಕೈ ಮುಗೀರಿ ಸರ, ಸಾಕು" ಎಂದ. ಮುಗಿದು ನಿಂತೆ. ಎಲ್ಲರಿಗೂ ನನ್ನ ಭಕ್ತಿ ಕಂಡಿರಬೇಕು. ಮುಗಿದ ಕೈಗಳೊಳಗೆ ತೋರುಬೆರಳು ಒಂದೇ ಸಮನೆ ಒತ್ತುತ್ತಲೇ ಇತ್ತು.