ಮಾಮನ ಬಿ.ಪಿ. ಮತ್ತು ಹೆಚ್ಚುವರಿ ಗುಳಿಗೆ

ನಮ್ಮ ಮಾಮನಿಗೆ ಬಿ.ಪಿ. ಬಂತು ಎಂದು ನೆಂಟರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಿ.ಪಿ.ಯೇ ಮಾಮನ ಕೈಗೆ ಸಿಕ್ಕಿಬಿತ್ತು ಎನ್ನುವುದು ಸರಿ! ಪಾಪ, ಆ ಕಾಯಿಲೆಗೂ ಒಂದು ಗಳಿಗೆ ನೆಮ್ಮದಿ ಕೊಡದವರು ನನ್ನ ಅವ್ವನ ಈ ಒಬ್ಬನೇ ಅಣ್ಣ.

ಗಂಗಾವತಿಯಲ್ಲಿ ಮಾಮನದು ಗೊಬ್ಬರದ ಅಂಗಡಿ. ನಾನಾಗ ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಿದ್ದೆ. ದೀಪಾವಳಿ ರಜೆಗೆ ಅವರ ಮನೆಗೆ ಹೋದಾಗ, ಅಭ್ಯಾಸವಾಗಲಿ ಎಂದು ಸಿಕ್ಕವರ ತೋಳಿಗೆಲ್ಲ ಬಿ.ಪಿ. ಪಟ್ಟಿ ಸುತ್ತಿದೆ. ಅತ್ತೆಯದು ಸರಿಯಾಗಿತ್ತು. ಮಾಮನದು ನೂರಾ ಎಪ್ಪತ್ತು ದಾಟಿತ್ತು! ನಾನೇ ತಪ್ಪು ನೋಡಿರಬೇಕೆಂದು ಇನ್ನೊಂದು ತೋಳಿಗೆ ಸುತ್ತಿದೆ. ಅದರಲ್ಲೂ ಅಷ್ಟೇ. ಡಾಕ್ಟರ ಬಳಿ ಕರೆದುಕೊಂಡು ಹೋದರೆ, ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲೂ ಹೆಚ್ಚು ಬಂತು. ಬಿ.ಪಿ.ಗೆ ಬೆಳಿಗ್ಗೆ ಒಂದು ಗುಳಿಗೆ, ಕೊಲೆಸ್ಟ್ರಾಲಿಗೆ ರಾತ್ರಿ ಒಂದು ಗುಳಿಗೆ ಬರೆದುಕೊಟ್ಟರು.

ಬೇರೆಯವರಾದರೆ ನುಂಗಿ ಸುಮ್ಮನಿರುತ್ತಿದ್ದರು. ಮಾಮ ಸುಮ್ಮನಿರುವ ಜಾತಿಯೇ? ಹೋದ ಊರಲ್ಲೆಲ್ಲ ಬಿ.ಪಿ. ನೋಡಿಸತೊಡಗಿದರು. ಯಲಬುರ್ಗಾಕ್ಕೆ ಬಾಕಿ ವಸೂಲಿಗೆ ಹೋದರೂ ಮೊದಲು ಮೆಡಿಕಲ್ ಅಂಗಡಿ, ಹನುಮಸಾಗರಕ್ಕೆ ಸೀಮಂತಕ್ಕೆ ಹೋದರೂ ಮೊದಲು ಮೆಡಿಕಲ್ ಅಂಗಡಿ. ಒಂದು ದಿನ ನನಗೆ ಫೋನ್ ಬಂತು.

“ಕುಷ್ಟಗಿಯೊಳಗ ನೂರಾ ಮೂವತ್ತು ಬಂತು ನೋಡವಾ! ಗಂಗಾವತಿಯೊಳಗ ನೂರಾ ಐವತ್ತು. ಕುಷ್ಟಗಿ ಗಾಳಿನ ಛಲೋ ಐತಿ. ಅಂಗಡಿ ಅಲ್ಲಿಗೇ ಎಬ್ಬಿಸಿಕೊಂಡು ಹೋಗೂಣೇನು?”

“ಮಾಮಾ, ಗಂಗಾವತಿಯೊಳಗ ನೀವು ಮೆಟ್ಟಲಾ ಹತ್ತಿ ಓಡಿಬಂದು, ಚಾ ಕುಡಕೋತ, ಮಾತಾಡಕೋತ ಕೈ ಕೊಟ್ಟೀರಿ. ಕುಷ್ಟಗಿಯೊಳಗ ಬೀಗರ ಮನ್ಯಾಗ ಉಂಡು ಮಲಗಿ ಎದ್ದು ಕೊಟ್ಟೀರಿ. ಐದು ಮಿನಿಟು ಬೆನ್ನು ಆನಿಸಿ ಕುಂತು, ಮಾತಾಡದ ನೋಡಿಸ್ರಿ.”

“ಮಾತಾಡದ? ಐದು ಮಿನಿಟು?” ಮಾಮನ ದನಿಯಲ್ಲಿ ನಿಜವಾದ ಗಾಬರಿ ಇತ್ತು. “ಅಷ್ಟೊತ್ತು ಬಾಯಿ ಮುಚಗೊಂಡು ಕುಂತ್ರ ಬಿ.ಪಿ. ಏರೂದಿಲ್ಲೇನು?”

ಮನೆಯಲ್ಲೂ ಇದೇ ಪಾಡು. ಕುಕ್ಕರ್ ಸೀಟಿ ಹೊಡೆದರೆ ಬಿ.ಪಿ. ಏರುತ್ತದೆಂದು ಮಾಮ ಕುಕ್ಕರನ್ನು ಪಕ್ಕದ ಮನೆಗೆ ಸಾಗಿಸಿದರು. ಅತ್ತೆ ದಿನಾ ಅಲ್ಲಿ ಹೋಗಿ ಬೇಳೆ ಬೇಯಿಸಿಕೊಂಡು ಬರಬೇಕು! “ಅಲ್ರೀ, ಅವರ ಬಿ.ಪಿ. ಏರೂದಿಲ್ಲೇನು?” ಎಂದು ಅತ್ತೆ ಕೇಳಿದ್ದಕ್ಕೆ ಮಾಮ, “ಅವರು ನೋಡಿಸೇ ಇಲ್ಲಲ್ಲ, ಅವರಿಗೇನು ಚಿಂತಿ?” ಎಂದರಂತೆ.

ಕೊಲೆಸ್ಟ್ರಾಲ್ ಗುಳಿಗೆ ಹೊಟ್ಟೆಯಲ್ಲಿ ಏನು ಮಾಡುತ್ತದೆ ಎಂದು ಒಮ್ಮೆ ಕೇಳಿದರು. ಮುಂದೆ ಮಂಡಕ್ಕಿ ಒಗ್ಗರಣೆ, ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ. ನಾನು ಹೊಸದಾಗಿ ಕಲಿತ ಉತ್ಸಾಹದಲ್ಲಿ ವಿವರಿಸಿದೆ: ಮೈಯಲ್ಲಿನ ಕೊಲೆಸ್ಟ್ರಾಲಿನ ಹೆಚ್ಚು ಪಾಲನ್ನು ಲಿವರೇ ತಯಾರಿಸುತ್ತದೆ, ಈ ಗುಳಿಗೆ ಆ ತಯಾರಿಕೆಯನ್ನು ತಗ್ಗಿಸುತ್ತದೆ.

“ಅಂದ್ರ ತಪ್ಪು ಲಿವರಿಂದು! ಮಿರ್ಚಿ ಮ್ಯಾಲೆ ಸುಳ್ಳ ಅಪವಾದ ಹೊರಸ್ಯಾರ!”

ಖುಷಿಯಿಂದ ಒಂದು ಕಚ್ಚಿದರು. ಎರಡನೆಯದನ್ನು ಮುರಿಯುವಷ್ಟರಲ್ಲಿ ಹೆದರಿಕೆ ಬಂತು. ಅರ್ಧ ಬಾಯಿಗೆ, ಅರ್ಧ ತಟ್ಟೆಗೆ. ಆ ರಾತ್ರಿ ಅವರಿಗೆ ನಿದ್ದೆ ಬಂದದ್ದು, ಪಕ್ಕದಲ್ಲಿದ್ದ ಅತ್ತೆಯನ್ನು ಎಬ್ಬಿಸಿ ಎಬ್ಬಿಸಿ “ನನ್ನ ಎದಿ ಹೊಡಕೋತೈತೇನು ನೋಡು” ಎಂದು ಕೇಳಿ ಕೇಳಿ ಸುಸ್ತಾದ ಮೇಲೆಯೇ. ಎದೆ ಹೊಡೆದುಕೊಳ್ಳದಿದ್ದರೆ ಗತಿಯೇನು ಎಂದು ಅವರಿಗೆ ಯಾರು ಹೇಳಬೇಕು!

ಹೀಗೆ ನಗುತ್ತಲೇ ಇದ್ದೆವು. ಬೇಸಿಗೆಯ ಒಂದು ಬೆಳಿಗ್ಗೆ ಅತ್ತೆಯ ಫೋನ್ ಬಂತು.

“ನಿಮ್ಮ ಮಾಮಾ ಹಾಸಿಗಿ ಬಿಟ್ಟು ಏಳವಲ್ರು. ತೊಡಿ, ಮೀನಖಂಡ ಎಲ್ಲಾ ಬಡದಂಗ ನೋವು ಅಂತಾರ. ಮೂತ್ರ ಕರಿ ಚಾದಂಗ ಹೊಂಟೈತಂತ. ಉಷ್ಣ ಆಗೈತೇನೊ ಅಂತ ಮಜ್ಜಿಗಿ ಕೊಟ್ಟೀನಿ.”

ಕೊಲೆಸ್ಟ್ರಾಲ್ ಗುಳಿಗೆ ನುಂಗುವವರಿಗೆ ಮೈಕೈ ನೋವು ಬಂದು, ಮೂತ್ರವೂ ಕಪ್ಪಾದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ತರಗತಿಯಲ್ಲಿ ಮೇಡಂ ಒತ್ತಿ ಹೇಳಿದ್ದರು. ಅಪರೂಪಕ್ಕೆ ಕೆಲವರಲ್ಲಿ ಸ್ನಾಯುಗಳು ಒಡೆದು, ಅವುಗಳ ಕಸ ಕಿಡ್ನಿಯಲ್ಲಿ ಸಿಕ್ಕಿಕೊಳ್ಳುತ್ತದೆ.

“ಅತ್ತಿ, ಮಾಮಾಗ ಫೋನ್ ಕೊಡ್ರಿ. ಮಾಮಾ, ಕೊಲೆಸ್ಟ್ರಾಲ್ ಗುಳಿಗಿ ದಿನಾ ಎಷ್ಟು ತಗೋಳಾಕತ್ತೀರಿ?”

“ಒಂದ...”

“ಮಾಮಾ!”

“ಮೂರು.”

“ಮೂರು ಯಾಕ್ರೀ?”

“ಎಕರೆಕ ಒಂದು ಚೀಲ ಹಾಕ್ರಿ ಅಂತ ನಾ ಹೇಳ್ತೀನಿ. ರೈತರು ಮೂರು ಹಾಕ್ತಾರ. ಬೆಳಿ ಹಸರಾಗಿ ಏಳತೈತೋ ಇಲ್ಲೋ?”

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. “ಆ ಗುಳಿಗಿ ಈಗಿಂದೀಗ ಬಂದ್ ಮಾಡ್ರಿ. ಎಲ್ಲಾ ಗುಳಿಗಿ ಕೈಯಾಗ ಹಿಡಕೊಂಡು ದವಾಖಾನಿಗೆ ನಡೀರಿ. ಮೂರು ತಗೊಂಡೀನಿ ಅಂತ ಡಾಕ್ಟರಿಗೆ ಹೇಳ್ರಿ. ನಾ ಬರ್ತೀನಿ.”

“ತಡಿಯವಾ, ಮೊದಲು ಬಿ.ಪಿ. ನೋಡಿಸಿಕೊಂಡು...”

“ಅಲ್ಲೇ ನೋಡ್ತಾರ್ರೀ!”

ಗಂಗಾವತಿ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ತುದಿಯಲ್ಲೇ ಕೂತಿದ್ದೆ. ಗಿಣಿಗೇರಾದ ಕಾರ್ಖಾನೆಗಳ ಹೊಗೆ ಕೊಳವೆಗಳು ಹಿಂದೆ ಸರಿದವು. ಕಿಡ್ನಿ, ಪೊಟ್ಯಾಸಿಯಂ, ಸಲೈನ್ ಎಂದು ಓದಿದ್ದನ್ನೆಲ್ಲ ನನಗೆ ಗೊತ್ತಿಲ್ಲದೆ ಗುಣುಗುಣಿಸುತ್ತಿದ್ದೆನೆಂದು ಕಾಣುತ್ತದೆ. ಪಕ್ಕದ ಹೆಂಗಸು, “ಪರೀಕ್ಷಾ ಐತೇನವಾ?” ಎಂದಳು. ಹೂಂ ಎಂದೆ.

ನಾನು ದವಾಖಾನೆ ಮುಟ್ಟುವಷ್ಟರಲ್ಲಿ ಸಲೈನ್ ಹಚ್ಚಿದ್ದರು. ಸ್ನಾಯುವಿನ ಪರೀಕ್ಷೆಯ ಅಂಕಿ ಬಹಳ ಏರಿದೆ, ಕಿಡ್ನಿ ಸದ್ಯಕ್ಕೆ ತಡೆದುಕೊಂಡಿದೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಮೇಲೆ ನಮ್ಮ ಮೂವರ ಲೋಕವೆಲ್ಲ ಒಂದು ಮೂತ್ರದ ಚೀಲದ ಸುತ್ತ ನಿಂತಿತು. ಕಪ್ಪು ಹೋಗಿ ಕಂದು, ಕಂದು ಹೋಗಿ ಹಳದಿ. ಮರುದಿನ ಅತ್ತೆ ಅದನ್ನು ನೋಡಿ, “ನಿಂಬಿ ಶರಬತ್ತಿನಂಗ ಆತ್ರೀ!” ಎಂದು ಕೂಗಿದಾಗ, ಪಕ್ಕದ ಮಂಚದವರು ಕೈಯಲ್ಲಿದ್ದ ಶರಬತ್ತಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ಕಿಡ್ನಿ ಉಳಿಯಿತು. ಮೈ ಪೂರ್ತಿ ಸರಿಹೋದ ಮೇಲೆ ಬೇರೆ ಔಷಧ ಯೋಚಿಸೋಣ, ಅದೂ ಬರೆದಷ್ಟೇ ನುಂಗಬೇಕು ಎಂದು ಡಾಕ್ಟರು ಹೇಳಿಹೋದರು. ಅತ್ತೆ ಊಟ ತರಲು ಮನೆಗೆ ಹೋದಳು. ಇನ್ನು ಬೈಯಲು ಅಡ್ಡಿಯಿಲ್ಲ ಎನಿಸಿ ಶುರುಮಾಡಿದೆ.

“ಇಷ್ಟ್ಯಾಕ ಅಂಜತೀರಿ ಮಾಮಾ? ಊರಾಗ ಬಿ.ಪಿ. ಇದ್ದವರು ನೀವೊಬ್ಬರೇ ಏನು?”

ಮಾಮ ಪಟ್ಟಿ ಸುತ್ತುವ ತೋಳನ್ನು ಸವರಿಕೊಂಡರು.

“ನನಗ ಈಗ ಅಪ್ಪ ಹೋದಾಗಿನ ವಯಸ್ಸಾತವಾ,” ಎಂದರು.

ಅಜ್ಜನನ್ನು ನಾನು ನೋಡಿಲ್ಲ. ಬಿಸಿಲು ಬಡಿದು ಹೋದ ಎಂದಷ್ಟೇ ಅವ್ವ ಹೇಳುತ್ತಿದ್ದಳು.

“ಬಿಸಿಲು ಅಲ್ಲವಾ. ಆವತ್ತು ಮೋಡ ಇತ್ತು. ಚೀಲ ಇಳಸಾಕತ್ತಿದ್ದ. ತಲಿ ಹಿಡಕೊಂಡು ಕುಂತ. ನಾ ನೀರು ತರಾಕ ಓಡಿದೆ. ತಿರುಗಿ ಬರೂದ್ರಾಗ ಬಾಯಿ ಒಂದು ಕಡಿ ಎಳದಿತ್ತು. ನನ್ನ ಹೆಸರು ಕರೀಬೇಕು ಅಂತ ಭಾಳ ಒದ್ದಾಡಿದ, ಬರಲಿಲ್ಲ. ಅವನ ತೋಳಿಗೆ ಯಾರೂ ಒಮ್ಮೆನೂ ಆ ಪಟ್ಟಿ ಸುತ್ತಿ ನೋಡಿದ್ದಿಲ್ಲ.”

ಸಲೈನ್ ಹನಿಯುತ್ತಿತ್ತು. ಮಾಮ ನನ್ನತ್ತ ತಿರುಗಿದರು.

“ನೀ ಇದನ್ನೆಲ್ಲಾ ಓದೀಯಲ್ಲ, ಹೇಳು. ಅಪ್ಪಗ ಭಾಳ ತ್ರಾಸ ಆಗಿರಬೇಕೇನು?”

“ಇಲ್ಲ ಮಾಮಾ,” ಎಂದೆ. “ಅವರಿಗೆ ಏನೂ ಗೊತ್ತಾಗಿರೂದಿಲ್ಲ.”

ಹಾಗೆ ಹೇಳಲು ನನ್ನ ಬಳಿ ಆಧಾರವಿರಲಿಲ್ಲ. ಮಾಮ ನನ್ನ ಮುಖವನ್ನೇ ನೋಡಿದರು. “ಹಂಗಾರ ಛಲೋ ಆತು,” ಎಂದು ಗೋಡೆಯ ಕಡೆ ಹೊರಳಿದರು. ಅತ್ತೆ ಬುತ್ತಿ ತಂದಾಗಲೂ ಎಚ್ಚರವಾಗದಷ್ಟು ಗಾಢವಾಗಿ ನಿದ್ದೆಹೋದರು.