ತಮ್ಮನ ಬಂದೂಕಿಗೊಂದು ಟ್ರಿಗರ್

ನನ್ನ ತಮ್ಮನಿಗೆ ಪುಣೆ ಶಹರದಲ್ಲಿ ಒಬ್ಬನೇ ಒಬ್ಬ ವೈರಿಯಿಲ್ಲ. ಆದರೂ ಅವನ ಬಳಿ ಒಂದು ಬಂದೂಕಿದೆ. ನಾಚಿಕೆಯ ಸಂಗತಿ ಇದಲ್ಲ. ಬಂದೂಕು ಇದ್ದವರು ಅದನ್ನು ಹಾರಿಸುತ್ತಾರೆ, ಇಲ್ಲವೇ ಗೋಡೆಗೆ ನೇತುಹಾಕಿ ಅಜ್ಜನ ಶೌರ್ಯ ಹೇಳುತ್ತಾರೆ. ಇವನು ಎರಡನ್ನೂ ಮಾಡದೆ, ಅದಕ್ಕೆ ಯಾವ ಟ್ರಿಗರ್ ಹಾಕಿಸಿದರೆ ಚೆನ್ನ ಎಂದು ಊರವರನ್ನೆಲ್ಲ ಕೇಳುತ್ತ ತಿರುಗಿದ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಮನೆಗಳ ಮೆಟ್ಟಿಲು ಹತ್ತಿಳಿಯುವುದಿಲ್ಲ! ಅಂಥವನ ಅಕ್ಕನಾಗಿ ನಾನು ತಲೆ ತಗ್ಗಿಸಿದ ಸ್ಥಳಗಳಿಗೆಲ್ಲ ಒಂದೊಂದು ಚುಕ್ಕೆ ಇಟ್ಟರೆ ಪುಣೆಯ ನಕಾಶೆಗೆ ದಡಾರ ಎದ್ದಂತೆ ಕಾಣಬಹುದು.

ಮೊದಲೇ ಹೇಳಿಬಿಡುತ್ತೇನೆ, ಅದು ಕೊಲ್ಲುವ ಬಂದೂಕಲ್ಲ. ಬಣ್ಣ ತುಂಬಿದ ಗೋಲಿಗಳನ್ನು ಗಾಳಿಯ ಒತ್ತಡದಿಂದ ಎಸೆಯುವ ಆಟದ ಸಾಮಾನು. ಆಟಕ್ಕೆ ಪೇಂಟ್‌ಬಾಲ್ ಎನ್ನುತ್ತಾರೆ. ಎರಡು ಗುಂಪಿನವರು ಮುಖವಾಡ ಹಾಕಿಕೊಂಡು, ಹಳೆಯ ಟೈರು, ಡ್ರಮ್ಮುಗಳ ಹಿಂದೆ ಅಡಗಿ, ಒಬ್ಬರಿಗೊಬ್ಬರು ಬಣ್ಣ ಹೊಡೆಯುತ್ತಾರೆ. ರಂಗಪಂಚಮಿಯನ್ನು ಸಿಟ್ಟಿನಲ್ಲಿ ಆಡಿದ ಹಾಗೆ. ಅದನ್ನು ಬಂದೂಕು ಎನ್ನಬಾರದಂತೆ, ಮಾರ್ಕರ್ ಎನ್ನಬೇಕಂತೆ. ತಮ್ಮನ ಬಳಿ ಇರುವುದು ಆಟ ಕಲಿಯುವ ಹುಡುಗರ ಕೈಗೆ ಕೊಡುವ ತೀರ ಸಾದಾ ಮಾರ್ಕರು. ಅವನಿಗೆ ಅರವತ್ತು ದಾಟಿದೆ.

ನಾನು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ನನ್ನ ವಾರ್ಡಿನಲ್ಲಿ ಹಾಸಿಗೆಯ ಚಾದರ ನನ್ನ ಅಪ್ಪಣೆಯಿಲ್ಲದೆ ಸುಕ್ಕುಗಟ್ಟುತ್ತಿರಲಿಲ್ಲ. ಈಗಲೂ ಧನಕವಡಿಯ ನಮ್ಮ ಕಟ್ಟಡದಲ್ಲಿ ನಾನು ಹಾಲು ತರಲು ಇಳಿದದ್ದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುವವರಿದ್ದಾರೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ತಮ್ಮ ಮತ್ತು ಅವನ ಹೆಂಡತಿ ಇದ್ದಾರೆ. ವಿಜಯಪುರದಿಂದ ಬಂದ ಅವನು ಇಲ್ಲಿ ಸೀರೆಗಳಿಗೆ ಒಪ್ಪುವ ಬ್ಲೌಸ್ ಪೀಸಿನ ಅಂಗಡಿ ಹಾಕಿ ತಲೆಯನ್ನು ನೆರೆಸಿಕೊಂಡ.

ಇದ್ದದ್ದನ್ನು ಇದ್ದ ಹಾಗೆ ಬಳಸುವುದು ಇವನ ಜಾಯಮಾನದಲ್ಲೇ ಇಲ್ಲ. ಸ್ಕೂಟರಿಗೆ ಲಾರಿಯ ಹಾರ್ನ್ ಹಾಕಿಸಿದ. ಅವನು ಓಣಿಯ ತುದಿಯಲ್ಲಿದ್ದಾಗಲೇ ಜನ ಗಟಾರ ಹಾರುತ್ತಿದ್ದರು. ಮಿಕ್ಸರಿಗೆ ಹೊಲಿಗೆ ಯಂತ್ರದ ಪೆಡಲ್ ಜೋಡಿಸಿದ. ಅಂದಿನಿಂದ ಅವನ ಹೆಂಡತಿ ಚಟ್ನಿ ರುಬ್ಬುವಾಗಲೆಲ್ಲ ಒಂಟಿಕಾಲಿನ ತಪಸ್ಸು. ನನ್ನ ಅಲಾರಾಂ ಗಡಿಯಾರದ ಸದ್ದು ಕರ್ಕಶವೆಂದು ಅದನ್ನು ಬಿಚ್ಚಿ ಇಂಪು ಮಾಡಿಕೊಟ್ಟ. ಎಷ್ಟು ಇಂಪಾಯಿತೆಂದರೆ, ಅದನ್ನು ಕೇಳುತ್ತ ನಾನು ಇನ್ನೂ ಗಾಢವಾಗಿ ನಿದ್ದೆ ಹೋದೆ. ಬಿಸಿಲೇರಿದರೂ ನಾನು ಹಾಲಿಗೆ ಇಳಿಯದ್ದನ್ನು ಕಂಡು, ನನಗೇನೋ ಆಗಿರಬೇಕೆಂದು ಕಟ್ಟಡದವರು ಬಾಗಿಲು ಬಡಿದರು.

ಆದದ್ದು ಮಾತ್ರ ಅವನಿಗೆ. ಹೋದ ವರ್ಷ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಾಗ ಕತ್ತರಿ ಕೈಯಿಂದ ಜಾರಿ ಬಿತ್ತು. ಸಣ್ಣ ಲಕ್ವ. ಕಾಲು ಮರಳಿತು. ಮಾತು ಅದಕ್ಕಿಂತ ಬೇಗ ಮರಳಿತು. ಸ್ವಲ್ಪ ತಡವಾಗಿದ್ದರೂ ನಮ್ಮ ಅಭ್ಯಂತರವಿರಲಿಲ್ಲ. ಬಲಗೈ ಮಾತ್ರ ಮೊಂಡು ಹಿಡಿಯಿತು. ಮಧ್ಯದ ಬೆರಳು ಅರೆಮನಸ್ಸಿನಿಂದ ಬಂತು. ತೋರುಬೆರಳು ಬರಲೇ ಇಲ್ಲ. ಈ ಮೊದಲ ಕೆಲವು ತಿಂಗಳುಗಳಲ್ಲಿ ಬೆರಳನ್ನು ದುಡಿಸಿದಷ್ಟು ಲಾಭ, ಬಿಟ್ಟರೆ ಹಾಗೆಯೇ ಉಳಿದುಬಿಡಬಹುದು ಎಂದು ಡಾಕ್ಟರು ಹೇಳಿದರು. ಆ ಬೆರಳು ಬಾರದೆ ಕತ್ತರಿ ಹಿಡಿಯುವಂತಿಲ್ಲ. ಕತ್ತರಿ ಹಿಡಿಯದ ಮೇಲೆ ಅಂಗಡಿಯಲ್ಲಿ ಅವನ ಕೆಲಸ ಗಿರಾಕಿಗಳಿಗೆ ಸ್ಟೂಲು ತೋರಿಸುವುದು, ಅಷ್ಟೇ. ಕತ್ತರಿ ಅವನ ಹೆಂಡತಿಯ ಕೈಗೆ ಹೋಯಿತು.

ಬೆರಳನ್ನು ಮರಳಿ ತರಿಸುವ ಹೊಣೆ ನಾನು ಹೊತ್ತೆ. ನನ್ನ ಕೈಯಲ್ಲಿ ಎಂಥೆಂಥ ರೋಗಿಗಳು ಸರಿಯಾಗಿ ಹೋಗಿದ್ದಾರೆ! ಮುಂಜಾನೆ ರಬ್ಬರಿನ ಚೆಂಡು ಹಿಸುಕುವುದು, ಸಂಜೆ ಒಂದು ಬಟ್ಟಲಿನ ಬಟಾಣಿಯನ್ನು ಒಂದೊಂದಾಗಿ ಇನ್ನೊಂದಕ್ಕೆ ಹಾಕುವುದು. ಚೆಂಡು ಎದುರು ಮನೆಯ ನಾಯಿಯ ಪಾಲಾಯಿತು. ಬಟಾಣಿ ಎರಡನೆಯ ಬಟ್ಟಲನ್ನು ತಲುಪಲೇ ಇಲ್ಲ. ಅವನು ಎಡಗೈಯಿಂದ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕೇಳಿದರೆ, "ಅಕ್ಕಾ, ಮುಂದಿನ ಸರ್ತಿ ಒಂದಿಷ್ಟು ಉಪ್ಪು ಹಾಕು" ಎಂದ.

ಹೀಗಿರುವಾಗ ಅವನ ಮಗಳ ಆಫೀಸಿನವರು ಮನೆಮಂದಿಯನ್ನೆಲ್ಲ ಕಾತ್ರಜದ ಆಚೆಯ ಪೇಂಟ್‌ಬಾಲ್ ಮೈದಾನಕ್ಕೆ ಕರೆದೊಯ್ದರು. ಹಿರಿಯರಿಗೆ ಚಹಾ ಮತ್ತು ನೆರಳು, ಕಿರಿಯರಿಗೆ ಯುದ್ಧ. ಇವನು ನೆರಳಿನಿಂದ ಎದ್ದು ಹೋಗಿ ಒಂದು ಮಾರ್ಕರ್ ಹಿಡಿದ. ಟ್ರಿಗರಿನ ಮೇಲೆ ಬೆರಳಿಟ್ಟ. ಒತ್ತಿದ. ಒತ್ತಿದನೆಂದು ಅವನಿಗನ್ನಿಸಿತು, ಟ್ರಿಗರಿಗೆ ಅನ್ನಿಸಲಿಲ್ಲ. ಹಿಂದೆ ಸಾಲು ಬೆಳೆಯಿತು. ಆಟ ನಡೆಸುವ ಮಾರ್ಷಲ್ ಬಂದು, "ರಾಹೂ ದ್ಯಾ ಕಾಕಾ" ಎಂದು, ಇರಲಿ ಬಿಡಿ ಎನ್ನುವ ದನಿಯಲ್ಲಿ, ಮಾರ್ಕರನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡ. ಮುಂದಿನ ವಾರ ತಮ್ಮ ಒಬ್ಬನೇ ಹೋಗಿ ಅದೇ ಮೈದಾನದ ಒಂದು ಹಳೆಯ ಮಾರ್ಕರನ್ನು ಕೊಂಡು, ಗುಲಾಬಿ ಬ್ಲೌಸ್ ಪೀಸಿನಲ್ಲಿ ಸುತ್ತಿ ಮನೆಗೆ ತಂದ.

ಅಲ್ಲಿಂದ ಶುರುವಾಯಿತು ಟ್ರಿಗರ್ ಪುರಾಣ. ಒಂದು ಬಗೆಯ ಟ್ರಿಗರ್ ಎರಡು ಬೆರಳು ಕೂಡುವಷ್ಟು ಉದ್ದವಂತೆ. ಇನ್ನೊಂದರಲ್ಲಿ, ಗೋಲಿ ಹಾರಿದಾಗಿನ ಗಾಳಿಯೇ ಟ್ರಿಗರನ್ನು ಬೆರಳಿನ ಸಮೇತ ಮುಂದಕ್ಕೆ ತಳ್ಳಿ ಮತ್ತೆ ಒತ್ತಲು ಅಣಿಮಾಡುತ್ತದಂತೆ. ಮತ್ತೊಂದು ಬ್ಯಾಟರಿಯದು, ಮುಟ್ಟಿದರೆ ಸಾಕಂತೆ. ಇವಲ್ಲದೆ ಸ್ಪ್ರಿಂಗ್ ಮೆತ್ತಗೆ ಮಾಡುವ, ಸಣ್ಣ ಸ್ಕ್ರೂ ಕೂಡಿಸಿ ಟ್ರಿಗರಿನ ಓಡಾಟ ಕಡಿಮೆ ಮಾಡುವ ಉಪಶಾಖೆಗಳು ಬೇರೆ. ಇವನ್ನೆಲ್ಲ ಅವನು ಹಾಲಿನ ಸಾಲಿನಲ್ಲಿ ವಿವರಿಸಿದ, ಲಿಫ್ಟಿನಲ್ಲಿ ವಿವರಿಸಿದ, ಸಾವಿನ ಮನೆಯಿಂದ ಮರಳುವಾಗ ರಿಕ್ಷಾದಲ್ಲಿ ವಿವರಿಸಿದ. ಕೊನೆಯದರಲ್ಲಿ ರಿಕ್ಷಾದವನೇ ಹಿಂದೆ ತಿರುಗಿ ಪ್ರಶ್ನೆ ಕೇಳಿದ್ದರಿಂದ ನಾನು ಯಾರನ್ನು ಬೈಯಬೇಕೆಂದು ತಿಳಿಯದೆ ಕುಳಿತೆ.

ಸಂಕ್ರಮಣದ ಅರಿಶಿನ ಕುಂಕುಮಕ್ಕೆ ನನ್ನ ಮನೆಯಲ್ಲಿ ಹೆಂಗಸರು ಸೇರಿದ್ದರು. ಅಲ್ಲಿ ಗಂಡಸರು ಸುಳಿಯುವ ರೂಢಿಯಿಲ್ಲ. ಇವನು ಸುಳಿದ. ಕೈಯಲ್ಲಿ ಮಾರ್ಕರು. ಗಾಳಿಯಿಲ್ಲ, ಗೋಲಿಯಿಲ್ಲ, ಹೆದರಬ್ಯಾಡ್ರಿ ಎಂದು ಧೈರ್ಯ ಹೇಳಿ, ಎಳ್ಳಿನ ಉಂಡೆಯ ತಟ್ಟೆಯ ಹಿಂದೆಯೇ ಅದನ್ನೂ ಒಬ್ಬೊಬ್ಬರ ಮುಂದೆ ಹಿಡಿದ. ಒತ್ತಿ ನೋಡಿ ಹೇಗನ್ನಿಸುತ್ತದೆ ಹೇಳಬೇಕು! ಹೆಂಗಸರು ಮೊದಲು ನಕ್ಕರು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಒತ್ತಿದರು. ಒಬ್ಬರು ತಮ್ಮ ಒಲೆಯ ಲೈಟರೂ ಇಷ್ಟೇ ಬಿರುಸು ಎಂದರು. ಇನ್ನೊಬ್ಬರು, ಲೈಟರನ್ನು ಹೆಬ್ಬೆರಳಿನಿಂದ ಒತ್ತುತ್ತೇವೆ, ಇದು ಬೇರೆ ಎಂದರು. ಅರ್ಧ ತಾಸು ಚರ್ಚೆ ನಡೆಯಿತು. ಕುಂಕುಮದ ಬಟ್ಟಲು ಹಿಡಿದು ನಾನು ಒಬ್ಬಳೇ ನಿಂತಿದ್ದೆ. ನನ್ನ ಕೈಕೆಳಗೆ ಕೆಲಸ ಕಲಿತು ಈಗ ದೊಡ್ಡ ಹುದ್ದೆಯಲ್ಲಿರುವ ನರ್ಸ್ ಒಬ್ಬಳು ನನ್ನ ಕಿವಿಯಲ್ಲಿ, ಇವರು ಯಾರು ಎಂದು ಮರಾಠಿಯಲ್ಲಿ ಕೇಳಿದಳು. ಮೇಲಿನ ಮಹಡಿಯವರು ಎಂದೆ. ಅದೇನೂ ಸುಳ್ಳಲ್ಲವಲ್ಲ?

ಇದಕ್ಕಿಂತ ಮಿಗಿಲಾದದ್ದು ಬಸ್ಸಿನ ಪ್ರಕರಣ. ಭೋಸರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟ್ರಿಗರಿನ ಅಂಚು ಉಜ್ಜಿಸಿಕೊಂಡು ಬರುತ್ತೇನೆಂದು ಮಾರ್ಕರನ್ನು ಕೈಚೀಲದಲ್ಲಿಟ್ಟುಕೊಂಡು ಸಿಟಿ ಬಸ್ಸು ಹತ್ತಿದ. ಚೀಲದಲ್ಲಿ ಮೇಲೆ ಮೆಂತ್ಯದ ಸೊಪ್ಪು, ಸೊಪ್ಪಿನ ನಡುವಿನಿಂದ ಕರಿಯ ನಳಿಗೆ! ಅಷ್ಟು ಗದ್ದಲದ ಬಸ್ಸು ದೇವರ ಕೋಣೆಯಂತೆ ನಿಶ್ಶಬ್ದವಾಯಿತಂತೆ. ಇವನಿಗೆ ಕೂರಲು ಇಡೀ ಸೀಟೇ ಸಿಕ್ಕಿತಂತೆ. ಪುಣೆಯ ಜನ ಹಿರಿಯರಿಗೆ ಭಾಳ ಮರ್ಯಾದೆ ಕೊಡುತ್ತಾರೆಂದು ಇವನು ಸಂತೋಷಪಡುತ್ತಿದ್ದಂತೆ ಬಸ್ಸು ಪೊಲೀಸ್ ಚೌಕಿಯ ಮುಂದೆ ನಿಂತಿತು.

ಅಲ್ಲಿಂದ ನನಗೆ ಕರೆ ಬಂತು. ಜೀವನದಲ್ಲಿ ಒಮ್ಮೆಯೂ ಚೌಕಿಯ ಮೆಟ್ಟಿಲು ಹತ್ತದ ನಾನು ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು ಹತ್ತಿದೆ. ಇವನು ಈ ಊರಿನ ವ್ಯಾಪಾರಸ್ಥ, ನನ್ನ ಸ್ವಂತ ತಮ್ಮ, ತಲೆಗೇನೂ ಆಗಿಲ್ಲ, ಕೈಗಷ್ಟೇ ಆಗಿದೆ ಎಂದು ಸಾಕ್ಷಿ ಹೇಳುವಾಗ ನೆಲ ನೋಡುತ್ತಿದ್ದೆ. ಮೇಲೆ ನೋಡಿದಾಗ ಪೊಲೀಸನೇ ಮಾರ್ಕರನ್ನು ಹಿಡಿದು ಟ್ರಿಗರ್ ಒತ್ತುತ್ತಿದ್ದ. "ಫಾರ್ ಜಡ ಆಹೆ," ಭಾಳ ಬಿರುಸಿದೆ, ಎಂದ. ತಮ್ಮ ನನ್ನ ಕಡೆ ತಿರುಗಿದ.

"ಕೇಳಿದೇನಕ್ಕಾ? ಸರಕಾರನ ಹೇಳ್ತದ."

ಇದಕ್ಕೊಂದು ಕೊನೆ ಹಾಡಲೇಬೇಕೆಂದು ನಾನೇ ಅವನನ್ನು ಬಿಡಿಭಾಗ ಮಾರುವ ಅಂಗಡಿಗೆ ಕರೆದೊಯ್ದೆ. ನನ್ನ ಲೆಕ್ಕ ಸರಳವಾಗಿತ್ತು: ಬ್ಯಾಟರಿಯದು ಹಾಕಿಸುವುದು, ಮನೆಗೆ ಬರುವುದು, ಮರ್ಯಾದೆಯಿಂದ ಬದುಕುವುದು. ಅಂಗಡಿಯವನು ಮೊದಲು ಗಾಳಿ ತಳ್ಳುವ ಟ್ರಿಗರ್ ತೋರಿಸಿದ. ಅದು ಕರೆಯದೆ ಬಂದ ನೆಂಟನನ್ನು ಹೊರಹಾಕಿದಂತೆ ತಮ್ಮನ ಬೆರಳನ್ನು ಹೊರಗೆ ನೂಕಿತು. ಆಮೇಲೆ ಬ್ಯಾಟರಿಯದು. ತಮ್ಮ ಆ ಜೀವವಿಲ್ಲದ ಬೆರಳನ್ನು ಅದರ ಮೇಲೆ ಇಟ್ಟ, ಅಷ್ಟೇ. ಟಪ್ ಎಂದಿತು. ನನಗೆ ನಿರಾಳವಾಯಿತು. ಅವನು ಬೆರಳು ತೆಗೆದ.

"ಇದು ಬ್ಯಾಡ."

"ಯಾಕೋ? ಕೆಲಸ ಆತಲ್ಲ."

"ಇದರಾಗ ಬ್ಯಾಟರಿ ಒತ್ತತದ ಅಕ್ಕಾ. ನಾ ಒತ್ತಂಗಿಲ್ಲ."

ಅಂಗಡಿಯಲ್ಲಿದ್ದ ಹುಡುಗ ಹುಡುಗಿಯರು ನಮ್ಮನ್ನೇ ನೋಡುತ್ತಿದ್ದರು. ಸಾಕು ಮಾಡೋ ಎಂದು ನಾನು ಹಲ್ಲು ಕಚ್ಚಿ ಹೇಳಿದೆ. ಅವನು ಎರಡು ಬೆರಳಿನ ಉದ್ದನೆಯ ಟ್ರಿಗರನ್ನು ಎತ್ತಿಕೊಂಡ. ತೋರುಬೆರಳಿನ ಪಕ್ಕ ಮಧ್ಯದ ಬೆರಳನ್ನು ಇಟ್ಟು ಎಳೆದ. ಮಧ್ಯದ್ದು ಎಳೆಯಿತು, ತೋರುಬೆರಳು ಟ್ರಿಗರಿಗೆ ಅಂಟಿಕೊಂಡು ಅದರ ಜೊತೆಗೆ ಹೋಯಿತು. "ಬರೂ ಮಟಾ ಇಂವ ಕರ್ಕೊಂಡು ಹೋಗ್ತಾನ," ಎಂದು ಮಧ್ಯದ ಬೆರಳನ್ನು ಅಂಗಡಿಯವನಿಗೆ ಪರಿಚಯ ಮಾಡಿಕೊಟ್ಟ. ಅದನ್ನೇ ಹಾಕಿಸಿದ.

ಆಮೇಲೆ ಅವನು ನನಗೆ ಹೆಚ್ಚು ಸಿಗಲಿಲ್ಲ. ಮೇಲಿನ ಮಹಡಿಯಿಂದ ಟಕ್, ಟಕ್ ಎಂಬ ಸದ್ದು ಮುಂಜಾನೆಯಿಂದ ಸಂಜೆಯವರೆಗೆ ಬರುತ್ತಿತ್ತು. ಗೋಡೆಗೆ ಮೊಳೆ ಹೊಡೆಯುತ್ತೀರಾ ಎಂದು ಕೆಳಗಿನವರು ಬಂದು ನನ್ನನ್ನು ಕೇಳಿದರು. ಹೊಡೆಯುತ್ತಿದ್ದೇವೆ ಎಂದೆ. ಬೆರಳಿನ ವಿಷಯ ಕೇಳಿದರೆ ಅವನು, ನಡದದ, ನಡದದ ಎನ್ನುತ್ತಿದ್ದ. ನಾನು ಬಟಾಣಿ ನೆನೆಸುವುದನ್ನು ಬಿಟ್ಟಿರಲಿಲ್ಲ. ಅವನು ತಿನ್ನುವುದನ್ನೂ ಬಿಟ್ಟಿರಲಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ಅದೇ ಮೈದಾನಕ್ಕೆ ನಮ್ಮ ಕಟ್ಟಡದವರೆಲ್ಲ ಹೋದೆವು. ಅವನೇ ಎಲ್ಲರನ್ನೂ ಕೂಡಿಸಿದ್ದ. ಲಕ್ವ ಹೊಡೆದ ಮುದುಕನೊಬ್ಬ ಮೊಣಕಾಲಿಗೆ ಕವಚ ಕಟ್ಟಿಕೊಂಡು, ಮುಖವಾಡ ಹಾಕಿಕೊಂಡು, ಟೈರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತದ್ದನ್ನು ಮೈದಾನದ ಸುತ್ತ ಕಟ್ಟಿದ ಬಲೆಯ ಹೊರಗಿನಿಂದ ನೋಡಲು ನನಗೆ ಮುಖವಿರಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗಡಿಯಾರ ನೋಡುತ್ತ ಕುಳಿತೆ.

ಅದೇ ನನ್ನ ತಪ್ಪಾಯಿತು. ಗಡಿಯಾರದಲ್ಲಿ ಅವನ ಮಧ್ಯಾಹ್ನದ ಗುಳಿಗೆಯ ಹೊತ್ತಾಗಿತ್ತು.

ಗುಳಿಗೆಯ ಹೊತ್ತು ಎಂದರೆ ಗುಳಿಗೆಯ ಹೊತ್ತು. ನನ್ನ ವಾರ್ಡಿನಲ್ಲಿ ಮಂತ್ರಿಗಳು ಬಂದಾಗಲೂ ಗುಳಿಗೆ ನಿಂತಿಲ್ಲ. ಬಣ್ಣದ ಗೋಲಿಗೆ ನಿಲ್ಲುತ್ತದೆಯೇ? ಬಲೆಯ ಬಾಗಿಲಲ್ಲಿ ಒಳಹೋಗುವವರಿಗೆಲ್ಲ ಕಡ್ಡಾಯವೆಂದು ಮುಖವಾಡಗಳನ್ನು ತೂಗುಹಾಕಿದ್ದರು. ನಿಯಮ ನಿಯಮವೇ. ಒಂದನ್ನು ಹಾಕಿಕೊಂಡೆ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಗುಳಿಗೆಯ ಡಬ್ಬಿ. ರೌಂಡ್ಸಿಗೆ ಹೊರಟ ಹಾಗೆ ರಣರಂಗದ ನಟ್ಟನಡುವೆ ನಡೆದೆ.

ಮಾರ್ಷಲ್ ಸೀಟಿ ಊದಿದ. ಎರಡೂ ಪಕ್ಷದವರು ಬಂದೂಕು ಇಳಿಸಿದರು. ಒಬ್ಬ ಮಾತ್ರ, ಸೀಟಿ ಕೇಳಿಯೂ ಬೆರಳು ತಡೆಯಲಾಗದವನು, ಟೈರಿನ ಹಿಂದಿನಿಂದ ಹೊಡೆದ. ಎಡತೋಳಿಗೆ ಚೇಳು ಕುಟುಕಿದಂತಾಯಿತು. ನೋಡಿಕೊಂಡರೆ ಬಿಳಿಯ ಸೀರೆಯ ಮೇಲೆ ಅಂಗೈಯಗಲ ಕಿತ್ತಳೆ ಬಣ್ಣ, ಮೊಣಕೈವರೆಗೆ ಇಳಿಯುತ್ತಿದೆ. ಇಡೀ ಕಟ್ಟಡ ನನ್ನನ್ನು ನೋಡುತ್ತಿದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ತಮ್ಮ ಮಾರ್ಕರನ್ನು ಕೆಳಗಿಟ್ಟು ಓಡಿಬಂದ. ಓಟವೇನು, ಕುಂಟಿಕೊಂಡು ಬಂದ. "ಅಕ್ಕಾ, ನೋವಾತೇನ? ತಪ್ಪಾತು, ಬೆರಳು ನಿಲ್ಲಲಿಲ್ಲ ಅಕ್ಕಾ..." ಅವನ ಮುಖವಾಡದ ಗಾಜು ಒಳಗಿನಿಂದ ಮಬ್ಬಾಗಿತ್ತು. ಅದು ಬೆವರೋ ಏನೋ ನನಗೆ ಕಾಣಲಿಲ್ಲ. ಬೈಯಲೆಂದೇ ಬಾಯಿ ತೆರೆದೆ. ಬಂದದ್ದು ಬೇರೆ.

"ಯಾವ ಬೆರಳು?"

ಅವನು ಬಲಗೈ ಎತ್ತಿದ. ಮಧ್ಯದ ಬೆರಳನ್ನು ಹೆಬ್ಬೆರಳಿನಿಂದ ಅಂಗೈಗೆ ಒತ್ತಿ ಹಿಡಿದ. ಉಳಿದ ತೋರುಬೆರಳು ನೆಟ್ಟಗೆ ನಿಂತಿತು. ನಡುಗಿತು. ಆಮೇಲೆ ನಿಧಾನವಾಗಿ, ಯಾರ ಕೈಯನ್ನೂ ಹಿಡಿಯದೆ, ಬಾಗಿತು.

"ಇದೊಂದ, ಅಕ್ಕಾ."

ಡಬ್ಬಿಯಿಂದ ಗುಳಿಗೆ ತೆಗೆದು ಅವನ ಅಂಗೈಗೆ ಹಾಕಿದೆ. ಮುಖವಾಡ ಕೊಂಚ ಎತ್ತಿ ನುಂಗಿದ, ನೀರು ಕುಡಿದ, ಬಾಟಲಿ ತಿರುಗಿ ಕೊಟ್ಟ. ನಾನು ಬಲೆಯ ಹೊರಗೆ ಹೋಗದೆ, ಗೋಲಿ ಬಡಿದ ಜಾಗದಲ್ಲಿಯೇ ನಿಂತೆ. ಸೆರಗನ್ನು ಸೊಂಟಕ್ಕೆ ಬಿಗಿದೆ. ಮಾರ್ಷಲ್ ಸೀಟಿ ಊದುತ್ತಲೇ ಇದ್ದ.

"ಹೋಗು, ಎತ್ಕೊ ಅದನ್ನ," ಎಂದೆ. "ಇನ್ನೊಮ್ಮೆ ಒತ್ತು. ನಾ ನೋಡಬೇಕು."